ಕಪ್ಪು ಅಳಿಸೋ ಕಲ್ಲು ಇನ್ನೂ ಹುಟ್ಟಿಲ್ಲ ಗುರೂ!

ಲಕ್ಸ್ ಸೋಪಿನ ಜಾಹೀರಾತಿಗೆ ಮೊಟ್ಟಮೊದಲು ಮುಖ ಕೊಟ್ಟ ನಮ್ಮ ದೇಶದ ತಾರೆ ಯಾರು, ಬಲ್ಲಿರಾ? ಹೇಮಾಮಾಲಿನಿ ಅಂತೀರಾ? ಊಹೂಂ! ಮಧುಬಾಲಾ? ಅಲ್ಲ ಸ್ವಾಮೀ. ಲೀಲಾ ಚಿಟ್ನಿಸ್! 1941ರ ಮಾತು. 'ಕಂಗನ್', 'ಬಂಧನ್', 'ಝೂಲಾ' ಚಿತ್ರಗಳಲ್ಲಿ ಅಶೋಕ್ ಕುಮಾರ್‌ಗೆ ಜೋಡಿಯಾಗಿ, ಮುಂದೆ 'ಆವಾರಾ'ದಲ್ಲಿ ರಾಜ್ ಕಪೂರ್‌ಗೆ, 'ಗೈಡ್'ನಲ್ಲಿ ದೇವ್ ಆನಂದ್‌ಗೆ ತಾಯಿಯಾದ ಅದೇ ಲೀಲಾ. ಈಗ ಕುರ್ಚಿ ಗಟ್ಟಿ ಹಿಡಿದುಕೊಳ್ಳಿ. ಆಕೆ ಹುಟ್ಟಿದ್ದು 1909ರಲ್ಲಿ, ನಮ್ಮ ಧಾರವಾಡದಲ್ಲಿ! ಹಳಿಯಾಳದಿಂದ ಬಸ್ ಹತ್ತಿದರೆ ಸುಮಾರು ಒಂದು ಗಂಟೆಯ ದಾರಿ.

ಆ ಸೋಪಿನ ತೊಟ್ಟಿಗೆ ನಮ್ಮ ದೇಶದ ಗಂಡಸೊಬ್ಬ ಇಳಿಯೋದಕ್ಕೆ ಮತ್ತೆ 64 ವರ್ಷ ಬೇಕಾಯಿತು. 2005ರಲ್ಲಿ ಶಾರುಖ್ ಖಾನ್ ಗುಲಾಬಿ ಪಕಳೆ ತುಂಬಿದ ತೊಟ್ಟಿಯಲ್ಲಿ ಕುಳಿತ. ಸುತ್ತ ನಾಲ್ವರು ನಾಯಕಿಯರು. ಕಂಡವರ ಹೊಟ್ಟೆಯೆಲ್ಲ ಉರಿ! ಅದೇ ವರ್ಷ ಗಂಡಸರಿಗೆಂದೇ ಬೆಳ್ಳಗಾಗುವ ಕ್ರೀಮೂ ಅಂಗಡಿಗೆ ಬಂತು. ಹೆಂಗಸರಿಗೆ ಅಂಥ ಕ್ರೀಮು ಬಂದದ್ದು 1975ರಲ್ಲಿ; 'ಫೇರ್' ಅನ್ನೋ ಮಾತು ತನಗೇ ನಾಚಿಕೆ ತಂದು 2020ರಲ್ಲಿ ಅದು ಹೆಸರು ಬದಲಿಸಿಕೊಂಡಿತು, 'ಗ್ಲೋ' ಅಂತ. ಡಬ್ಬಿ ಮೇಲಿನ ಹೆಸರು ಬದಲಾಯಿತು, ಸರಿ. ಹುಡುಗರ ತಲೆಯೊಳಗಿನ ಹೆಸರು?

ಬದಲಾಗಿಲ್ಲ ಅನ್ನೋದಕ್ಕೆ ನನ್ನ ಕೈಯಲ್ಲೊಂದು ಕಾಗದ ಇದೆ. ಮುಂಡಗೋಡ ಕಡೆಯ ಓದುಗ. ಹೆಸರು ಬೇಡ ಅಂದಿದ್ದಾನೆ, ಹಾಕಲ್ಲ. "ಅಣ್ಣಾ, ಊರಿನ ನಾಟಕದಾಗ ನನಗ ಹೀರೋನ ಪಾರ್ಟ್ ಕೊಡ್ತೀನಿ ಅಂದಾರ. ನಾ ಕರ್ರಗ ಅದೀನಿ. ಆರು ತಿಂಗಳಾತು, ದಿನಾ ಎರಡೂ ಹೊತ್ತು ನೈಲಾನ್ ಜಾಳಿಗಿ ಹಿಡದು ಮೈ ತಿಕ್ಕಾಕತ್ತೀನಿ. ಕುತ್ತಿಗಿ, ಬೆನ್ನು ಮೊದಲಿಗಿಂತ ಹೆಚ್ಚು ಕರ್ರಗ ಆಗ್ಯಾವ. ಇನ್ನೂ ಜೋರಾಗಿ ತಿಕ್ಕಬೇಕೇನು?"

ತಮ್ಮಾ, ಜಾಳಿಗಿ ಕೆಳಗಿಡು. ಮೊದಲು ಈ ಪುಟ ಓದು.

ಮನುಷ್ಯನ ಚರ್ಮದ ತೀರಾ ಮೇಲಿನ ಪದರ ಇದೆಯಲ್ಲ, ಅದು ಸತ್ತ ಜೀವಕೋಶಗಳ ಪದರ. ಅದರ ದಪ್ಪ ಎಷ್ಟು ಗೊತ್ತಾ? ದಾಂಡೇಲಿಯವರಿಗೆ ಕಾಗದದ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಜೆರಾಕ್ಸ್ ಅಂಗಡಿಯ ಒಂದು ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ. ಅಂಗೈ ಅಂಗಾಲು ಬಿಟ್ಟರೆ, ಈ ಸತ್ತ ಪದರ ಅದರ ಐದನೇ ಒಂದು ಪಾಲು ಇದ್ದರೆ ಹೆಚ್ಚು. ಅಷ್ಟರೊಳಗೇ ಹದಿನೈದಿಪ್ಪತ್ತು ಸಾಲು ಕೋಶಗಳು ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ನಡುವೆ ಜಿಡ್ಡು, ಗಾರೆ ಮೆತ್ತಿದ ಹಾಗೆ. ಒಳಗಿನ ನೀರು ಹೊರಗೆ ಹೋಗದಂತೆ, ಹೊರಗಿನ ಹೊಲಸು ಒಳಗೆ ಬರದಂತೆ ಕಾಯೋದು ಇದೇ ಹಂಚಿನ ಮಾಡು. ಕೆಳಗಿನಿಂದ ಹೊಸ ಕೋಶ ಹುಟ್ಟಿ, ಮೇಲೇರಿ, ಸತ್ತು, ಉದುರಿ ಹೋಗೋದಕ್ಕೆ ಹರೆಯದವರಲ್ಲಿ ಸುಮಾರು ನಾಲ್ಕು ವಾರ. ವಯಸ್ಸಾದಂತೆ ಇನ್ನೂ ನಿಧಾನ. ಅಂದರೆ ನೀವು ತಿಕ್ಕಲಿ ಬಿಡಲಿ, ಹಳೇ ಚರ್ಮ ತಾನಾಗಿ ಉದುರುತ್ತಲೇ ಇರುತ್ತದೆ. ತಿಕ್ಕೋದು ಅಂದರೆ ಉದುರಲು ತಯಾರಾಗಿ ಕೂತಿರೋದನ್ನ ಸ್ವಲ್ಪ ಕೈ ಹಿಡಿದು ಕಳಿಸಿಕೊಡೋದು. ಅಷ್ಟೇ!

ಇನ್ನು ಬಣ್ಣ. ಬಣ್ಣ ಕೊಡೋ ಮೆಲನಿನ್ ತಯಾರಾಗೋದು ಆ ಸತ್ತ ಪದರದಲ್ಲಲ್ಲ. ಅದರ ಕೆಳಗೆ ಜೀವಂತ ಕೋಶಗಳಿವೆ, ಅವುಗಳಲ್ಲೂ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ. ಕರಿಯನಿಗೂ ಬಿಳಿಯನಿಗೂ ಬಣ್ಣ ಮಾಡೋ ಕೋಶಗಳ ಸಂಖ್ಯೆ ಹೆಚ್ಚುಕಮ್ಮಿ ಒಂದೇ. ಕೆಲವರ ಕಾರ್ಖಾನೆ ಹೆಚ್ಚು ಮಾಲು ತೆಗೆಯುತ್ತದೆ, ಕೆಲವರದು ಕಡಿಮೆ. ಕಾರ್ಖಾನೆ ನೆಲಮಾಳಿಗೆಯಲ್ಲಿರುವಾಗ ಮಾಡು ಉಜ್ಜಿದರೆ ಏನು ಸಿಕ್ಕೀತು? ಕಂದು ಬಣ್ಣದ ಬಿದಿರಿನ ತಿರುಳನ್ನು ರಾಸಾಯನಿಕ ಹಾಕಿ ಬಿಳಿ ಹಾಳೆ ಮಾಡಬಹುದು. ಮನುಷ್ಯನ ಮೈ ಬಿದಿರಿನ ತಿರುಳಲ್ಲವಲ್ಲ!

ಹಾಗಾದರೆ ನಮ್ಮ ಹೀರೋನ ಕುತ್ತಿಗೆ ಇನ್ನೂ ಕಪ್ಪಾದದ್ದು ಯಾಕೆ? ಇಲ್ಲೇ ಇರೋದು ಕಥೆಯ ಟ್ವಿಸ್ಟು. ಚರ್ಮಕ್ಕೆ ಗಾಯ ಆದರೂ, ಉರಿ ಎದ್ದರೂ, ದಿನಾ ಉಜ್ಜಿದರೂ ಆ ನೆಲಮಾಳಿಗೆಯ ಕಾರ್ಖಾನೆ 'ಯಾರೋ ದಾಳಿ ಮಾಡಿದರು' ಅಂದುಕೊಂಡು ಇನ್ನಷ್ಟು ಮೆಲನಿನ್ ತೆಗೆಯುತ್ತದೆ. ನಮ್ಮಂಥ ಕಂದು, ಕಪ್ಪು ಮೈಯವರಲ್ಲಿ ಇದು ಇನ್ನೂ ಜಾಸ್ತಿ. ಮೊಡವೆ ಹೋದ ಮೇಲೂ ಕಲೆ ತಿಂಗಳುಗಟ್ಟಲೆ ಉಳಿಯೋದು ಇದಕ್ಕೇ. ನೈಲಾನ್ ಟವೆಲ್ಲಿನಿಂದ ಬೆನ್ನು ತಿಕ್ಕಿ ತಿಕ್ಕಿ ಕಪ್ಪು ಮಾಡಿಕೊಂಡವರ ಬಗ್ಗೆ ಜಪಾನಿನ ವೈದ್ಯರು 1980ರ ದಶಕದಲ್ಲೇ ಬರೆದಿದ್ದಾರೆ. ನಮ್ಮ ದೇಶದ ಚರ್ಮದ ಡಾಕ್ಟರುಗಳಿಗೂ ಇದು ದಿನಾ ನೋಡಿ ಗೊತ್ತು. ಕೊರಳ ಎಲುಬು, ಬೆನ್ನಿನ ಮೇಲ್ಭಾಗ, ಮೊಣಕೈ, ಮೊಣಕಾಲಿನ ಕೆಳಗಿನ ಎಲುಬು... ಎಲುಬಿನ ಮೇಲೆ ಚರ್ಮ ತೆಳ್ಳಗಿರೋ ಕಡೆಯೆಲ್ಲ ಮಸಿ ಬಳಿದ ಹಾಗೆ ಕಪ್ಪು. ಬೆಳ್ಳಗಾಗಲಿ ಅಂತ ತಿಕ್ಕೋದು, ಕಪ್ಪಾಯಿತು ಅಂತ ಇನ್ನಷ್ಟು ತಿಕ್ಕೋದು. ವಿಲನ್ ಯಾರು ಅಂತ ಹುಡುಕುತ್ತಾ ಹೋದರೆ ಕೈಯಲ್ಲಿ ಜಾಳಿಗಿ ಹಿಡಿದ ಹೀರೋನೇ ಸಿಕ್ಕಿಬಿದ್ದ! ಬಿಟ್ಟರೆ ಸಾಕು, ತಿಂಗಳುಗಳಲ್ಲಿ ನಿಧಾನವಾಗಿ ತಿಳಿಯಾಗುತ್ತದೆ. (ಕುತ್ತಿಗೆ, ಕಂಕುಳಲ್ಲಿ ಕಪ್ಪಿನ ಜೊತೆ ಚರ್ಮ ದಪ್ಪಗೆ, ಮಕಮಲ್ಲಿನ ಹಾಗೆ ಆಗಿದ್ದರೆ ಅದು ಕೊಳೆಯೂ ಅಲ್ಲ, ತಿಕ್ಕಾಟದ್ದೂ ಅಲ್ಲ. ಬೊಜ್ಜು, ಸಕ್ಕರೆ ಕಾಯಿಲೆಯ ಮುನ್ಸೂಚನೆ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ.)

ಹಳಿಯಾಳಕ್ಕೆ ಬರೋಣ. ಹಳಿಯಾಳ ಅಂದರೆ ಕುಸ್ತಿ. 'ಪೈಲ್ವಾನ್' (2019) ಚಿತ್ರದಲ್ಲಿ ಸುದೀಪ್ ಲಂಗೋಟಿ ಕಟ್ಟಿದ್ದನ್ನು ನೋಡಿ ಸೀಟಿ ಹೊಡೆದವರಲ್ಲಿ ಈ ಕಡೆಯ ಹುಡುಗರು ಹಿಂದೆ ಬಿದ್ದಿರಲಿಕ್ಕಿಲ್ಲ. ಹಳೇ ತಾಲೀಮಿನ ಕಣದ ಮಣ್ಣು ನೋಡಿದ್ದೀರಾ? ಬರೀ ಮಣ್ಣಲ್ಲ ಅದು. ಜರಡಿ ಹಿಡಿದ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ನಿಂಬೆಹಣ್ಣಿನ ರಸ, ಅರಿಷಿಣ, ಕರ್ಪೂರ ಎಲ್ಲಾ ಕಲಸಿ ಹದ ಮಾಡುತ್ತಾರೆ. ಪೈಲವಾನ ಆ ಮಣ್ಣನ್ನು ಮೈಗೆ ಸವರಿಕೊಂಡು ಇಳಿಯುತ್ತಾನೆ. ಹಿಡಿತ ಜಾರದಿರಲಿ ಅಂತ ಮೊದಲ ಕಾರಣ. ಆದರೆ ಗಂಟೆಗಟ್ಟಲೆ ಹೊರಳಾಡಿ, ಬೆವರಿ, ಕೊನೆಗೆ ಒಣಗಿದ ಮಣ್ಣನ್ನು ಕೈಯಿಂದ ಉಜ್ಜಿ ಉದುರಿಸಿ ನೀರು ಹುಯ್ದುಕೊಂಡರೆ, ಪೇಟೆಯ ಬ್ಯೂಟಿ ಪಾರ್ಲರಿನಲ್ಲಿ ಸಾವಿರ ರೂಪಾಯಿ ಎಣಿಸಿ ಮಾಡಿಸಿಕೊಳ್ಳೋ ಕೆಲಸ ಪುಕ್ಕಟೆ ಆಗಿರುತ್ತದೆ!

ಇದು ಇವತ್ತಿನ ಮಾತೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಸ್ನಾನಕ್ಕೂ ಒಂದು ಭಾಗ ಇದೆ, ಮಲ್ಲರ ಕಾಳಗಕ್ಕೂ ಒಂದು ಭಾಗ ಇದೆ. ನಮ್ಮ ರಾಜನಿಗೆ ಎರಡೂ ಬೇಕಿತ್ತು!

ಈಗ ಮ್ಯಾಟ್ ಕುಸ್ತಿ ಬಂದಿದೆ. ಒಳ್ಳೆಯದೇ, ಒಲಿಂಪಿಕ್ಸ್‌ಗೆ ಹೋಗೋ ದಾರಿ ಅದೇ ತಾನೇ. ಆದರೆ ಮ್ಯಾಟನ್ನು ಔಷಧಿ ಹಾಕಿ ಒರೆಸದಿದ್ದರೆ, ಒಂದೇ ಟವೆಲ್ಲು ನಾಲ್ಕು ಜನಕ್ಕೆ ಸುತ್ತಿದರೆ, ಬೆವರಿದ ಚಡ್ಡಿಯಲ್ಲೇ ಚಾದಂಗಡಿ ಮುಂದೆ ಹರಟೆಗೆ ಕೂತರೆ ಗಜಕರ್ಣ ಗ್ಯಾರಂಟಿ. ಕುಸ್ತಿಯವರಲ್ಲಿ ಇದು ಎಷ್ಟು ಮಾಮೂಲಿ ಅಂದರೆ ಇಂಗ್ಲಿಷ್ ವೈದ್ಯರು ಇದಕ್ಕೆ ಗ್ಲ್ಯಾಡಿಯೇಟರ್ ಹೆಸರಿನಲ್ಲೇ ಒಂದು ನಾಮಕರಣ ಮಾಡಿಬಿಟ್ಟಿದ್ದಾರೆ. ಅಂತರರಾಷ್ಟ್ರೀಯ ಪಂದ್ಯಕ್ಕೆ ಮುಂಚೆ ಪೈಲವಾನನ ಮೈ ಪರೀಕ್ಷೆ ಮಾಡುತ್ತಾರೆ. ಅಂಟುವ ಚರ್ಮರೋಗ ಕಂಡರೆ ಕಣಕ್ಕೇ ಬಿಡೋದಿಲ್ಲ. ವರ್ಷದ ಸಾಧನೆ ಒಂದು ಬಿಲ್ಲೆಯಗಲದ ಗಜಕರ್ಣಕ್ಕೆ ಹೋಯಿತು ಅಂದರೆ ಹೊಟ್ಟೆ ಉರಿಯಲ್ವಾ? ಅದಕ್ಕೇ ಹಳೇ ವಸ್ತಾದರು ಬೈಯೋದು, "ಏ ತಮ್ಮಾ, ಮೊದ್ಲ ಮೈ ತೊಳಕೋ, ಆಮ್ಯಾಲ ಚಾ ಕುಡಿ!" ಅಂತ.

ಗಜಕರ್ಣ ಬಂದ ಮೇಲೆ ನಮ್ಮ ಹುಡುಗರು ಮಾಡೋದು ಎರಡೇ ಕೆಲಸ. ಒಂದು, ಕಲ್ಲಿನಿಂದ ಕೆರೆಕೆರೆದು ತಿಕ್ಕೋದು. ಬೂಷ್ಟು ಸುತ್ತ ಹರಡುತ್ತದೆ, ಅದೇ ಜಾಳಿಗಿ ಮುಟ್ಟಿದ ತಮ್ಮನಿಗೂ ಅಂಟುತ್ತದೆ. ಎರಡನೇದು ಇನ್ನೂ ಕೆಟ್ಟದ್ದು. ಮೆಡಿಕಲ್ ಶಾಪಿಗೆ ಹೋಗಿ "ಒಂದು ಟ್ಯೂಬ್ ಕೊಡ್ರೀ" ಅನ್ನೋದು. ಆ ಟ್ಯೂಬಿನಲ್ಲಿ ಸ್ಟಿರಾಯ್ಡ್ ಕಲಸಿದ್ದರೆ ಎರಡೇ ದಿನದಲ್ಲಿ ತುರಿಕೆ ಮಾಯ. 'ಏನ್ ಮಸ್ತ್ ಔಷಧಿ ಗುರೂ!' ತುರಿಕೆ ನಿಂತಿತು, ಬೂಷ್ಟು ನಿಲ್ಲಲಿಲ್ಲ. ಒಳಗೊಳಗೇ ತೊಡೆ, ಸೊಂಟ, ಹೊಟ್ಟೆ ಅಂತ ಊರೆಲ್ಲಾ ತಿರುಗಿ ಬರುತ್ತದೆ. ನಮ್ಮ ದೇಶದಲ್ಲಿ ಈಗ ಹರಡಿರೋ, ಮಾಮೂಲಿ ಔಷಧಕ್ಕೆ ಸುಲಭವಾಗಿ ಬಗ್ಗದ ಗಜಕರ್ಣದ ಬೂಷ್ಟಿಗೆ 2020ರಲ್ಲಿ ವಿಜ್ಞಾನಿಗಳು ಹೆಸರಿಟ್ಟರು. ಟ್ರೈಕೊಫೈಟಾನ್ ಇಂಡೋಟಿನಿಯೆ! ಹೆಸರಿನಲ್ಲೇ ಇಂಡಿಯಾ ಇದೆ. ಇಂಥ ಕೀರ್ತಿ ಯಾರಿಗೆ ಬೇಕಿತ್ತು ಹೇಳಿ.

ಅದೇ ಸ್ಟಿರಾಯ್ಡ್ ಟ್ಯೂಬನ್ನು ಮುಖಕ್ಕೆ ಹಚ್ಚೋ ಮಹಾನುಭಾವರೂ ಇದ್ದಾರೆ, ಬೆಳ್ಳಗಾಗೋದಕ್ಕೆ. ಮೊದಲ ವಾರ ಮುಖ ಹೊಳೆಯೋದು ನಿಜ. ಆಮೇಲೆ ಚರ್ಮ ತೆಳ್ಳಗಾಗಿ, ಕೆಂಪಾಗಿ, ಮೊಡವೆ ಎದ್ದು, ಕೂದಲು ಮೊಳೆತು, ಬಿಸಿಲಿಗೆ ನಿಂತರೆ ಉರಿ. ನಿಲ್ಲಿಸಿದರೆ ಇನ್ನೂ ಉರಿ, ಅದಕ್ಕೇ ಮತ್ತೆ ಹಚ್ಚೋದು. ಸಾರಾಯಿಯ ಚಟ ಇದ್ದ ಹಾಗೆ! ಇಂಥ 14 ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರಕಾರ 2018ರಲ್ಲಿ ಆದೇಶ ಹೊರಡಿಸಿತು. ಆದೇಶ ದಿಲ್ಲಿಯಲ್ಲಿ, ಟ್ಯೂಬು ಹಳ್ಳಿಯಲ್ಲಿ. ನಿಮ್ಮ ಟ್ಯೂಬಿನ ಮೇಲೆ ಬೆಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಅಂತ ಇದೆಯಾ ಓದಿಕೊಳ್ಳಿ. ಚೀಟಿ ಇಲ್ಲದೆ ತಂದದ್ದಾದರೆ ಹೊಸದಾಗಿ ಹಚ್ಚಬೇಡಿ. ತಿಂಗಳುಗಟ್ಟಲೆ ಹಚ್ಚಿದವರು ಒಮ್ಮೆಗೇ ಬಿಡದೆ ಚರ್ಮದ ಡಾಕ್ಟರಿಗೆ ತೋರಿಸಿ. ಬಿಡಿಸುವ ಕ್ರಮ ಅವರಿಗೆ ಗೊತ್ತು.

ಇನ್ನೊಂದು ಮಾತು, ನಗೆ ಬಿಟ್ಟು ಹೇಳುತ್ತೇನೆ. ಮೈಮೇಲೆ ತಿಳಿಬಣ್ಣದ ಮಚ್ಚೆ ಇದ್ದು, ಅಲ್ಲಿ ಚಿವುಟಿದರೆ ಗೊತ್ತೇ ಆಗದಿದ್ದರೆ ಅದನ್ನು ತಿಕ್ಕುತ್ತಾ ಕೂರಬೇಡಿ. ಕುಷ್ಠ ಇರಬಹುದು. ಸರಕಾರಿ ಆಸ್ಪತ್ರೆಯಲ್ಲಿ ಅದರ ಮಾತ್ರೆ ಪುಕ್ಕಟೆ, ಪೂರ್ತಿ ವಾಸಿಯಾಗುತ್ತದೆ. ಮುಚ್ಚಿಟ್ಟು ತಡ ಮಾಡಿದರೆ ಮಾತ್ರ ಕೈಕಾಲಿನ ನರ ಹೋಗುತ್ತದೆ.

ಹಾಗಂತ ತಿಕ್ಕಲೇಬಾರದಾ? ಛೆ ಛೆ, ಹಾಗಂದವರು ಯಾರು! ನಮ್ಮ ಗಣಪ ಹುಟ್ಟಿದ್ದೇ ಪಾರ್ವತಿಯ ಮೈಯ ಕೊಳೆಯಿಂದ ಅಲ್ಲವಾ? ನೀರು ತುಂಬೋ ಹಬ್ಬದ ಹಿಂದಿನ ದಿನ ಹಂಡೆ ತಿಕ್ಕಿ, ನರಕ ಚತುರ್ದಶಿಯ ನಸುಕಿಗೆ ಎಣ್ಣೆ ಹಚ್ಚಿಸಿಕೊಂಡು, ಕಡಲೆಹಿಟ್ಟೋ ಸೀಗೆಪುಡಿಯೋ ಉಟಣೆಯೋ ಉಜ್ಜಿಸಿಕೊಂಡು, ಸುಡುಸುಡು ನೀರು ಎರೆಸಿಕೊಂಡ ಸುಖ ಯಾವ ಹೊಟೇಲಿನ ಶವರ್ ಕೊಟ್ಟೀತು? ಅದರ ಕ್ರಮದಲ್ಲೇ ವಿಜ್ಞಾನ ಇದೆ ನೋಡಿ. ಮೊದಲು ಎಣ್ಣೆ, ಚರ್ಮ ಮೆತ್ತಗಾಗಲಿ ಅಂತ. ಆಮೇಲೆ ಬಿಸಿನೀರು, ಸತ್ತ ಪದರ ನೆನೆಯಲಿ ಅಂತ. ಆಮೇಲೆ ಹಿಟ್ಟು, ಎಣ್ಣೆಯನ್ನೂ ಉದುರಿದ್ದನ್ನೂ ಹಿಡಿದುಕೊಂಡು ಹೋಗಲಿ ಅಂತ. ನಮ್ಮ ಅಜ್ಜಿಯರಿಗೆ ಜೀವಕೋಶ ಗೊತ್ತಿರಲಿಲ್ಲ, ಕೈ ಅಳತೆ ಗೊತ್ತಿತ್ತು.

ಮುಂಡಗೋಡದ ಟಿಬೆಟ್ ಕ್ಯಾಂಪಿನಲ್ಲೂ ಇಂಥದ್ದೊಂದು ಇದೆ, ಬೇರೆ ತರಹದ್ದು. 1966ರಿಂದ ಆ ಜನ ಇಲ್ಲಿದ್ದಾರೆ. ಲೋಸಾರ್ ಅಂದರೆ ಅವರ ಹೊಸ ವರ್ಷ. ಅದಕ್ಕೆ ಮುಂಚೆ, ಹಳೇ ವರ್ಷದ ಕೊನೇ ತಿಂಗಳ 29ನೇ ದಿನ ಮನೆಯೆಲ್ಲ ಗುಡಿಸಿ ತೊಳೆದು, ರಾತ್ರಿ ಗುಥುಕ್ ಅನ್ನೋ ಸಾರು ಕುಡಿಯೋದು ಟಿಬೆಟಿನವರ ಸಂಪ್ರದಾಯ. ಆಗ ಒಂದು ಹಿಟ್ಟಿನ ಉಂಡೆ ಹಿಡಿದು ನೋವಿರೋ ಜಾಗಕ್ಕೆಲ್ಲ ಒತ್ತಿ ಸವರಿ, ವರ್ಷದ ರೋಗರುಜಿನ ಅದರ ಜೊತೆ ಹೋಗಲಿ ಅಂತ ಹೊರಗೆ ಎಸೆಯುತ್ತಾರೆ. ನಮ್ಮ ದೃಷ್ಟಿ ನಿವಾಳಿಸೋದು ಮತ್ತು ನಮ್ಮ ಹಿಟ್ಟು ಉಜ್ಜೋದು, ಎರಡೂ ಸೇರಿದ ಹಾಗಿದೆ ನನಗೆ!

ಈಗ ಕ್ರಮ ಹೇಳುತ್ತೇನೆ, ಕೇಳು ತಮ್ಮಾ. ವಾರಕ್ಕೆ ಒಂದು ಸಲ, ತೀರಾ ಜಿಡ್ಡಿನ ಮೈಯಾದರೆ ಎರಡು ಸಲ. ದಿನಾ ಖಂಡಿತ ಬೇಡ. ಒಣ ಮೈ ಮೇಲೆ ತಿಕ್ಕಬೇಡ. ಐದು ನಿಮಿಷ ಬೆಚ್ಚನೆ ನೀರಲ್ಲಿ ನೆನೆಯಲಿ. ಆಮೇಲೆ ಒದ್ದೆ ಹತ್ತಿ ಪಂಜಿ ಸಾಕು. ಬೇಕಿದ್ದರೆ ಕಡಲೆಹಿಟ್ಟು ಅಥವಾ ಹೆಸರುಹಿಟ್ಟನ್ನು ಮೊಸರಲ್ಲಿ ಕಲಸಿಕೋ. ಮಗುವಿನ ಕೆನ್ನೆ ಸವರೋ ಅಷ್ಟು ಭಾರ ಹಾಕಬೇಕು, ಪಾತ್ರೆ ತಳ ಉಜ್ಜೋ ಅಷ್ಟಲ್ಲ. ಮೈ ಕೆಂಪಾಯಿತೋ, ಉರಿಯಿತೋ, ಅಲ್ಲಿಗೆ ನಿಲ್ಲಿಸು. ಮೊಡವೆ, ಗಾಯ, ಗಜಕರ್ಣ, ಬಿಸಿಲಿಗೆ ಸುಟ್ಟ ಚರ್ಮದ ಮೇಲೆ ಬೇಡವೇ ಬೇಡ. ದಾಡಿ ಮಾಡಿದ ದಿನ ಮುಖಕ್ಕೆ ರಜೆ. ಮೈ ಒರೆಸಿಕೊಂಡು ಇನ್ನೂ ತುಸು ತೇವ ಇರುವಾಗಲೇ ಕೊಬ್ಬರಿ ಎಣ್ಣೆ ಹಚ್ಚು. ಮೊಡವೆಯ ಮುಖಕ್ಕೆ ಮಾತ್ರ ಎಣ್ಣೆ ಬೇಡ. ನಿಂಬೆಹಣ್ಣು ಹೋಳು ಮಾಡಿ ಮುಖಕ್ಕೆ ಉಜ್ಜಿಕೊಂಡು ಬಿಸಿಲಿಗೆ ಹೋಗೋ ಹುಚ್ಚಿದೆಯಲ್ಲ, ಅದು ಸುಟ್ಟು ಬೊಬ್ಬೆ ಎಬ್ಬಿಸುತ್ತದೆ. ಸೋಡಾಪುಡಿ, ಟೂತ್‌ಪೇಸ್ಟು... ಅವು ಅಡಿಗೆಗೆ, ಹಲ್ಲಿಗೆ.

ಕಲ್ಲು ಎಲ್ಲಿಗೆ ಅಂತೀರಾ? ಹಿಮ್ಮಡಿಗೆ! ಅಂಗಾಲಿನ ಸತ್ತ ಪದರ ಮಾತ್ರ ನಿಜಕ್ಕೂ ದಪ್ಪ, ಉಜ್ಜಿದರೆ ತಡೆಯುತ್ತದೆ. ಜೋಯಿಡಾ ಕಡೆ ಕಾಡು ಗದ್ದೆ ತುಳಿಯೋ ಕಾಲಿಗೆ, ಉಳವಿ ಜಾತ್ರೆಗೆ ನಡೆದು ಹೋಗೋ ಕಾಲಿಗೆ ಬಿರುಕು ತಪ್ಪಿದ್ದಲ್ಲ. ಅದಕ್ಕೆ ಅಲ್ಲಿಯವರದೇ ಮದ್ದಿದೆ, ಮುರುಗಲ ತುಪ್ಪ. ಮುರುಗಲ ಹಣ್ಣಿನ ಸಿಪ್ಪೆ ಸಾರಿಗೆ, ಪಾನಕಕ್ಕೆ. ಬೀಜದಿಂದ ತೆಗೆದ ಕೊಬ್ಬು ಗಟ್ಟಿ ಉಂಡೆಯಾಗಿ ಕೂರುತ್ತದೆ. ಮೈ ಬಿಸಿಗೆ ಮೆಲ್ಲಗೆ ಕರಗೋ ಗುಣ ಅದರದು. ರಾತ್ರಿ ಕಾಲು ಬಿಸಿನೀರಲ್ಲಿ ಇಟ್ಟು, ಕಲ್ಲಿನಿಂದ ಹಗುರ ಉಜ್ಜಿ, ಒರೆಸಿ, ಉಂಡೆಯನ್ನು ದೀಪದ ಬಿಸಿಗೆ ಹಿಡಿದು ಬಿರುಕಿಗೆ ತುಂಬಿ ಮಲಗೋದು. ಇದೇ ಕೋಕಂ ಬಟರ್ ಅನ್ನೋ ಹೆಸರು ಹೊತ್ತು ಪೇಟೆಯ ಬಾಟಲಿಗಳಲ್ಲಿ ಎಷ್ಟು ಬೆಲೆಗೆ ಹೋಗುತ್ತದೆ, ಒಮ್ಮೆ ನೋಡಿ ಬನ್ನಿ!

ಇನ್ನು ನಾಟಕದ ಪಾರ್ಟಿನ ವಿಚಾರ. ಕರ್ರಗಿದ್ದರೆ ಹೀರೋ ಆಗೋಕಾಗಲ್ಲ ಅಂದವರು ಯಾರಪ್ಪಾ? ಬೆಂಗಳೂರಿನ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಶಿವಾಜಿರಾವ್ ಗಾಯಕ್ವಾಡ್ 1975ರಲ್ಲಿ 'ಅಪೂರ್ವ ರಾಗಂಗಳ್'ನಲ್ಲಿ ಗೇಟು ನೂಕಿ ಒಳಗೆ ಬಂದ, ರಜನೀಕಾಂತ್ ಆದ. ಮುಂದಿನ ವರ್ಷವೇ ಪುಟ್ಟಣ್ಣ ಕಣಗಾಲರ 'ಕಥಾಸಂಗಮ'ದಲ್ಲಿ ಕನ್ನಡಕ್ಕೂ ಬಂದ. 'ದುನಿಯಾ' (2007) ನೋಡಿದ ಯಾರೂ ವಿಜಯ್ ಬಣ್ಣದ ಮಾತು ತೆಗೆದು ಕಾಸು ವಾಪಸ್ ಕೇಳಲಿಲ್ಲ. ನಮ್ಮ ಜಿಲ್ಲೆಯ ಪ್ರಶಾಂತ್ ಸಿದ್ದಿ 'ಪರಮಾತ್ಮ' (2011) ಚಿತ್ರದಲ್ಲಿ ಪರದೆಗೆ ಬಂದಾಗ ಹಳಿಯಾಳ, ಯಲ್ಲಾಪುರದ ಎಷ್ಟು ಸಿದ್ದಿ ಹುಡುಗರ ಎದೆ ಉಬ್ಬಿರಬೇಡ! ಅದೇ ವಿಜಯ್ ನಿರ್ದೇಶಿಸಿದ 'ಸಲಗ' (2021)ದಲ್ಲಿ ಸಿದ್ದಿ ಕಲಾವಿದರ ದನಿಗೆ ರಾಜ್ಯವೇ ಕುಣಿಯಿತು. ಪರದೆ ಮೇಲೆ ನೀವು ನೋಡೋ ಬಿಳುಪು ಚರ್ಮದ್ದಲ್ಲ. ಮೇಕಪ್ಪಿನದ್ದು, ಲೈಟಿನದ್ದು, ಈಗೀಗ ಕಂಪ್ಯೂಟರಿನಲ್ಲಿ ಬಣ್ಣ ತಿದ್ದೋರದ್ದು. ಶೂಟಿಂಗ್ ಮುಗಿದ ಮೇಲೆ ಕಲಾವಿದರು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯೋದು ಹಳೇ ರೂಢಿ. ಬ್ರಷ್ಷಿನಿಂದ ಕೆರೆಯೋದಲ್ಲ. ಪಾರ್ಟು ಒಪ್ಪಿಕೋ ತಮ್ಮಾ, ಮಾತು ಬಾಯಿಪಾಠ ಮಾಡು. ನಾಟಕದ ದಿನಕ್ಕೆ ನನಗೊಂದು ಕಾರ್ಡು ಹಾಕು.

ಅಂದ ಹಾಗೆ, ಪೇಟೆಯಲ್ಲಿ ಸ್ಕ್ರಬ್ ಅಂತ ಟ್ಯೂಬು ಸಿಗುತ್ತದಲ್ಲ, ಹರಳು ಹರಳಾಗಿ ಕೈಗೆ ಹತ್ತೋದು. ಕೊಳ್ಳೋ ಮುಂಚೆ ಹಿಂದಿನ ಸಣ್ಣ ಅಕ್ಷರ ಓದಿ. ಪಾಲಿಎಥಿಲೀನ್ ಅಂತ ಇದ್ದರೆ ಆ ಹರಳು ಪ್ಲಾಸ್ಟಿಕ್ಕು. ಅಮೆರಿಕ ಇಂಥದ್ದನ್ನು ನಿಷೇಧಿಸಲು 2015ರಲ್ಲೇ ಕಾನೂನು ಮಾಡಿತು. ದಾಂಡೇಲಿಯಲ್ಲಿ ಮುಖ ತೊಳೆದ ನೀರು ಹೋಗೋದೆಲ್ಲಿಗೆ? ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟಿ ಕಾರವಾರದಲ್ಲಿ ಸಮುದ್ರ ಸೇರೋ ನಮ್ಮ ಕಾಳಿಗೆ. ಸೂಪಾ ಅಣೆಕಟ್ಟು, ಕಾರ್ಖಾನೆ, ರಾಫ್ಟಿಂಗ್ ದೋಣಿ ಎಲ್ಲಾ ಹೊತ್ತಿರೋ ಆ ತಾಯಿಗೆ ನಮ್ಮ ಮುಖದ ಪ್ಲಾಸ್ಟಿಕ್ಕೂ ಯಾಕೆ?

ಅದರ ಬದಲು ಮಳೆ ಹಿಡಿಯೋ ಹೊತ್ತಿಗೆ ಬೇಲಿ ಬುಡದಲ್ಲಿ ನಾಲ್ಕು ತುಪ್ಪದ ಹೀರೇ ಬೀಜ ಊರಿ. ಎಳೇದು ಪಲ್ಯಕ್ಕೆ. ಎರಡು ಕಾಯಿ ಬಳ್ಳಿಯಲ್ಲೇ ಬಲಿತು ಒಣಗಲಿ. ಚಳಿಗಾಲಕ್ಕೆ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತದೆ. ಸಿಪ್ಪೆ ಸುಲಿದು, ಬೀಜ ಕೊಡವಿ, ನಾರನ್ನು ನೀರಲ್ಲಿ ನೆನೆಸಿ ತೊಳೆದು ಬಿಸಿಲಿಗೆ ಹಾಕಿ. ಒದ್ದೆಯಾದಾಗ ಅದು ಮೆತ್ತಗಾಗುತ್ತದೆ, ಬೆನ್ನಿಗೆ ಹಗುರವಾಗಿ ಆಡಿಸಲು ಅಡ್ಡಿಯಿಲ್ಲ. ಒಬ್ಬರದು ಒಬ್ಬರು ಮುಟ್ಟಬೇಡಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಚ್ಚಲಲ್ಲಿ ಏನೂ ಒಣಗಲ್ಲ, ಗೊತ್ತಲ್ಲ? ಹಾಗಾಗಿ ಉಪಯೋಗಿಸಿದ ಮೇಲೆ ಒಲೆಯ ಮೇಲಿನ ಅಟ್ಟಕ್ಕೆ ನೇತು ಹಾಕಿ. ತಿಂಗಳಾದ ಮೇಲೆ, ಇಲ್ಲವೇ ಕರಿ ಚುಕ್ಕೆ ಬಿದ್ದ ದಿನ, ಗೊಬ್ಬರದ ಗುಂಡಿಗೆ ಎಸೆದು ಇನ್ನೊಂದು ತೆಗೆದುಕೊಳ್ಳಿ. ಬೀಜ ಮಾತ್ರ ಬೂದಿಯಲ್ಲಿ ಹಾಕಿ ಎತ್ತಿಡಿ, ಮುಂದಿನ ಮಳೆಗೆ ಬೇಕಾಗುತ್ತದೆ.